ನಿಮ್ಮ ಅತಿ ವಿಧೇಯ ಸೇವಕ

ಶಾಲೆಯಲ್ಲಿ ರಜಾ ಅರ್ಜಿ ಬರೆಯದೆ ಪಾಸಾದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. "ಇಂದ, ಗೆ, ಮಾನ್ಯರೇ, ವಿಷಯ" ಅಂತ ಶುರುವಾಗಿ, ನಡುವೆ ಒಂದು ಜ್ವರವೋ ಅಕ್ಕನ ಮದುವೆಯೋ ಬಂದು, ಕೊನೆಗೆ ಬಲಗಡೆ ಮೂಲೆಯಲ್ಲಿ "ತಮ್ಮ ವಿಧೇಯ ವಿದ್ಯಾರ್ಥಿ" ಅಂತ ಮುಗಿಯುತ್ತಿತ್ತು. ವಿಧೇಯ ಅಂದ್ರೆ ಹೇಳಿದ ಮಾತು ಕೇಳುವವನು. ನಮ್ಮಲ್ಲಿ ಎಷ್ಟು ಜನ ಹೇಳಿದ ಮಾತು ಕೇಳುತ್ತಿದ್ದೆವು ಅನ್ನೋದು ಬೇರೆ ವಿಷಯ ಬಿಡಿ :) ಆದರೆ ಆ ಪದ ಆ ಮೂಲೆಗೆ ಬಂದು ಕೂತ ಹಿಂದೆ ಒಂದು ಉದ್ದದ ಕತೆ ಇದೆ. ದಿನಕ್ಕೆ ಹತ್ತಿಪ್ಪತ್ತು ಇಂಗ್ಲಿಷ್ ಮೇಲ್ ಬರೆದು ಹೊಟ್ಟೆ ಹೊರೆಯುವ ಸಾಫ್ಟ್‌ವೇರ್ ಮನುಷ್ಯ ನಾನು. ಈ "ಬಿಸಿನೆಸ್ ಇಂಗ್ಲಿಷ್" ಅನ್ನೋದರ ಬೇರು ಹುಡುಕಿಕೊಂಡು ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಮೆರಿಕದ ಒಂದು ಜಗಳ. 1804ರ ಜೂನ್ ತಿಂಗಳು. ಒಬ್ಬ ಆಗಿನ ಉಪಾಧ್ಯಕ್ಷ ಆರನ್ ಬರ್, ಇನ್ನೊಬ್ಬ ಖಜಾನೆಯ ಮಂತ್ರಿಯಾಗಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್. ನನ್ನ ಮಾನ ತೆಗೆದೆ, ವಿವರಣೆ ಕೊಡು ಅಂತ ಬರ್ ಪತ್ರ ಬರೆದ. ಇವನು ಸುತ್ತಿ ಬಳಸಿ ಉತ್ತರ ಬರೆದ. ಪತ್ರದಿಂದ ಪತ್ರಕ್ಕೆ ಕಾವು ಏರಿತು. ತಮಾಷೆ ಏನಪ್ಪಾ ಅಂದ್ರೆ, ಕುತ್ತಿಗೆ ಪಟ್ಟಿಗೆ ಕೈ ಹಾಕುವಂಥ ಆ ಪತ್ರಗಳೆಲ್ಲ ಮುಗಿಯುತ್ತಿದ್ದದ್ದು "ನಿಮ್ಮ ವಿಧೇಯ ಸೇವಕ" ಅಂತಲೇ! ಜುಲೈ 11ರಂದು ಇಬ್ಬರೂ ಪಿಸ್ತೂಲು ಹಿಡಿದು ದ್ವಂದ್ವಕ್ಕೆ ನಿಂತರು. ಒಬ್ಬ ವಿಧೇಯ ಸೇವಕ ಇನ್ನೊಬ್ಬ ವಿಧೇಯ ಸೇವಕನಿಗೆ ಗುಂಡು ಹೊಡೆದ. ಮರುದಿನ ಹ್ಯಾಮಿಲ್ಟನ್ ತೀರಿಕೊಂಡ.

ಅಂದ್ರೆ ಇಂಗ್ಲಿಷ್ ಬಲ್ಲವರಿಗೆ ಆ ಹೊತ್ತಿಗಾಗಲೇ ಈ ಮಾತಿನಲ್ಲಿ ವಿಧೇಯತೆಯೂ ಇರಲಿಲ್ಲ, ಸೇವೆಯೂ ಇರಲಿಲ್ಲ. ಅದು ಪತ್ರ ಮುಗಿಯಿತು ಅಂತ ತೋರಿಸುವ ಒಂದು ಗುರುತು ಅಷ್ಟೆ. ನಮ್ಮ ಕೋಡಿನ ಸಾಲಿನ ಕೊನೆಗೆ ಬರುವ ಸೆಮಿಕೋಲನ್ ಇದ್ದ ಹಾಗೆ.

ಈ ಗುರುತುಗಳನ್ನು ಇಂಗ್ಲೆಂಡಿನ ಜನಸಾಮಾನ್ಯರೂ ಕಲಿತೇ ಬರೆಯಬೇಕಿತ್ತು. 1739ರಲ್ಲಿ ಲಂಡನ್ನಿನ ಇಬ್ಬರು ಪುಸ್ತಕ ವ್ಯಾಪಾರಿಗಳು ಸ್ಯಾಮ್ಯುಯಲ್ ರಿಚರ್ಡ್‌ಸನ್ ಎಂಬ ಮುದ್ರಕನ ಹತ್ತಿರ ಹೋಗಿ, ಪತ್ರ ಬರೆಯಲು ಬಾರದ ಹಳ್ಳಿಯ ಜನಕ್ಕೆ ಅನುಕೂಲವಾಗುವಂಥ ಮಾದರಿ ಪತ್ರಗಳ ಪುಸ್ತಕ ಮಾಡಿಕೊಡಿ ಎಂದರು. ಅದನ್ನು ಬರೆಯುತ್ತಿದ್ದಾಗಲೇ ಅವನಿಗೆ ಪತ್ರಗಳಲ್ಲೇ ಕತೆ ಹೇಳುವ ಯೋಚನೆ ಬಂತು. ಹಾಗೆ ಹುಟ್ಟಿದ "ಪಮೇಲಾ" ಕಾದಂಬರಿ 1740ರಲ್ಲಿ ಬಂತು, ಪತ್ರಗಳ ಪುಸ್ತಕ 1741ರಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ಸಿಗುವ "ಮೂವತ್ತು ದಿನಗಳಲ್ಲಿ ಇಂಗ್ಲಿಷ್" ಥರದ ಪುಸ್ತಕಗಳನ್ನು ನೋಡಿ ನಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಇಂಗ್ಲಿಷರಿಗೂ ಇಂಗ್ಲಿಷ್ ಪತ್ರ ಬರೆಯುವುದನ್ನು ಯಾರೋ ಹೇಳಿಕೊಡಬೇಕಾಗಿತ್ತು!

*

ಇನ್ನು ನಮ್ಮ ಕಡೆಗೆ ಬರೋಣ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಕೆಲಸಕ್ಕೆ ಸೇರುವ ಹುಡುಗರ ಮೊದಲ ಹುದ್ದೆಯ ಹೆಸರೇ "ರೈಟರ್". ಕಲ್ಕತ್ತೆಯ ರೈಟರ್ಸ್ ಬಿಲ್ಡಿಂಗ್‌ಗೆ ಆ ಹೆಸರು ಬಂದದ್ದು ಇವರಿಂದ. ಕಂಪನಿ ಹೆಸರಿಗೆ ವ್ಯಾಪಾರದ್ದು, ಆದರೆ ಅದು ನಡೆಯುತ್ತಿದ್ದದ್ದು ಕಾಗದದ ಮೇಲೆ. ಹಾಯಿಹಡಗಿನ ಕಾಲದಲ್ಲಿ ಒಂದು ಪತ್ರ ಆಫ್ರಿಕಾ ಸುತ್ತಿಕೊಂಡು ಲಂಡನ್ ತಲುಪಲು ಐದಾರು ತಿಂಗಳು. ಉತ್ತರ ಬರಲು ಮತ್ತೆ ಅಷ್ಟೇ. ಹಡಗು ಮುಳುಗಿದರೆ ಇರಲಿ ಅಂತ ಅದೇ ಪತ್ರದ ಪ್ರತಿಯನ್ನು ಇನ್ನೊಂದು ಹಡಗಿನಲ್ಲೂ ಕಳಿಸುತ್ತಿದ್ದರು. ಕಂಪನಿಯ ಲಂಡನ್ ಕಚೇರಿಯಲ್ಲಿ ಕೂತು ಇಂಥ ಪತ್ರಗಳ ಕರಡು ತಯಾರಿಸಿದವರಲ್ಲಿ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಕೂಡ ಒಬ್ಬ. 1823ರಿಂದ 1858ರವರೆಗೆ, ಒಟ್ಟು 35 ವರ್ಷ ಅವನು ಅಲ್ಲಿ ನೌಕರಿ ಮಾಡಿದ.

ಈ ಪತ್ರಗಳಲ್ಲಿ ಪ್ರತಿ ಪ್ಯಾರಾಕ್ಕೂ ಒಂದು ನಂಬರ್ ಇರುತ್ತಿತ್ತು. "ಇಂಥ ತಾರೀಖಿನ ನಿಮ್ಮ ಪತ್ರದ ಏಳನೇ ಪ್ಯಾರಾಕ್ಕೆ ಸಂಬಂಧಿಸಿದಂತೆ" ಅಂತ ಉತ್ತರ ಶುರುವಾಗಬೇಕು. ಒಂದು ವರ್ಷದ ಹಿಂದೆ ತಾನೇನು ಬರೆದಿದ್ದೆ ಅಂತ ಯಾರಿಗೆ ನೆನಪಿರುತ್ತೆ ಹೇಳಿ? ಮೇಲ್ ಥ್ರೆಡ್ ಇಲ್ಲದ ಕಾಲದಲ್ಲಿ ಆ ವಾಕ್ಯವೇ ಅವರ ಥ್ರೆಡ್. ನಮ್ಮ ಸರ್ಕಾರಿ ಪತ್ರಗಳಲ್ಲಿ ಇವತ್ತಿಗೂ ಬರುವ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಇದೆಯಲ್ಲ, ಅದು ಈ ಸಂಸಾರದ್ದೇ ಕೂಸು.

ಕಚೇರಿಯ ಭಾಷೆ ಮೊದಲಿನಿಂದಲೂ ಇಂಗ್ಲಿಷ್ ಆಗಿರಲಿಲ್ಲ. ಕಂಪನಿ ಆಡಳಿತದ ಕೋರ್ಟು ಕಚೇರಿಗಳಲ್ಲಿ ಪಾರ್ಸಿ ಭಾಷೆಯ ಸ್ಥಾನ ಹೋದದ್ದು 1837ರ ಕಾಯ್ದೆಯಿಂದ. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಸರ್ಕಾರಿ ಕೆಲಸಕ್ಕೆ ಇಂಗ್ಲಿಷ್ ಕಲಿತವರಿಗೆ ಆದ್ಯತೆ ಅಂತ ಗೊತ್ತುವಳಿ ಹೊರಡಿಸಿದ. ಅಲ್ಲಿಂದ ಮುಂದೆ ಇಂಗ್ಲಿಷ್ ಪತ್ರ ಬರೆಯಲು ಬರುವುದು ಅಂದ್ರೆ ಅನ್ನಕ್ಕೆ ದಾರಿ. ನಮ್ಮ ಮೈಸೂರೂ 1831ರಿಂದ 1881ರವರೆಗೆ 50 ವರ್ಷ ಬ್ರಿಟಿಷ್ ಕಮಿಷನರುಗಳ ಕೈಲಿತ್ತು. ಮಾರ್ಕ್ ಕಬ್ಬನ್ ಒಬ್ಬನೇ 1834ರಿಂದ 1861ರವರೆಗೆ ಆಳಿದ.

ಹಾಗಂತ ಬಗ್ಗಿ ನಡೆಯುವುದನ್ನು ನಮಗೆ ಬ್ರಿಟಿಷರೇ ಕಲಿಸಿದರು ಅನ್ನುವಂತಿಲ್ಲ. ಅರ್ಜಿ, ಹುಜೂರು, ದಾಖಲೆ, ಅಸಲು, ನಕಲು... ಇವೆಲ್ಲ ಪಾರ್ಸಿ, ಅರಬ್ಬಿ ಕಡೆಯಿಂದ ಬಂದವು. ಆ ಕಾಲದ ಅರ್ಜಿಗಳಲ್ಲೂ ಬರೆಯುವವನು ತನ್ನನ್ನು "ಫಿದ್ವಿ" ಅಂದ್ರೆ ತಮ್ಮ ನಿಷ್ಠಾವಂತ ಸೇವಕ ಅಂತಲೇ ಕರೆದುಕೊಳ್ಳುತ್ತಿದ್ದ. ನಮ್ಮ ಮನೆಯ ಕಾಗದಗಳಲ್ಲಿ "ಮಾಡುವ ಸಾಷ್ಟಾಂಗ ನಮಸ್ಕಾರಗಳು" ಇರುತ್ತಿತ್ತು. ಆದರೆ ಅಲ್ಲಿ ನಮಸ್ಕಾರ ಅಪ್ಪ ಅಮ್ಮನಿಗೆ, ಅದರ ಬೆನ್ನಿಗೇ "ಉಭಯ ಕುಶಲೋಪರಿ" ಅಂತ ಎರಡೂ ಕಡೆಯ ಕ್ಷೇಮದ ಮಾತು. ಕಚೇರಿಯ ಪತ್ರದಲ್ಲಿ ಕ್ಷೇಮ ಕೇಳುವ ಜಾಗವೇ ಇಲ್ಲ.

ಸಮಸ್ಯೆ ಹುಟ್ಟಿದ್ದು ಇಲ್ಲಿ. ಇಬ್ಬರು ಸಮಾನರು ಬರೆದುಕೊಂಡಾಗ "ವಿಧೇಯ ಸೇವಕ" ಅನ್ನೋದು ಬರೀ ಗುರುತು. ಅದೇ ಮಾತನ್ನು ತಿಂಗಳಿಗೆ ಕೆಲವೇ ರೂಪಾಯಿ ಸಂಬಳದ ಗುಮಾಸ್ತ ತನ್ನ ಸಾಹೇಬನಿಗೆ ಬರೆದಾಗ ಅದು ಅಕ್ಷರಶಃ ನಿಜ! ಅಷ್ಟೂ ಸಾಲದೆ, ಅವನು ಸಾಹೇಬರ ಮಾದರಿ ಪತ್ರಗಳನ್ನೇ ನೋಡಿ ಕಲಿತು ಬರೆದ ಇಂಗ್ಲಿಷನ್ನು ಸಾಹೇಬರು "ಬಾಬೂ ಇಂಗ್ಲಿಷ್" ಅಂತ ಗೇಲಿ ಮಾಡಿದರು. 1891ರಲ್ಲಿ ಆರ್ನಾಲ್ಡ್ ರೈಟ್ ಎಂಬುವನು ಇಂಥ ಬರಹಗಳನ್ನು ಆಯ್ದು ನಗೆಪುಸ್ತಕವನ್ನೇ ಮಾಡಿದ. 1897ರಲ್ಲಿ ಎಫ್. ಆನ್‌ಸ್ಟಿ ಇದೇ ವಿಷಯದ ಮೇಲೆ "ಬಾಬೂ ಜಬ್ಬರ್ಜೀ" ಎಂಬ ಹಾಸ್ಯ ಕಾದಂಬರಿ ಬರೆದ. ಇಂಗ್ಲಿಷ್ ಕಲಿಯದಿದ್ದರೆ ಕೆಲಸವಿಲ್ಲ, ಕಲಿತರೆ ನಗು.

*

ಆ ನಗು ಇನ್ನೂ ಮುಗಿದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮಗೆ ಮೇಲ್ ಬರೆಯುವುದರ ಬಗ್ಗೆ ಒಂದು ತರಬೇತಿ ಇತ್ತು. ಪಾಠ ಮಾಡಲು ಬಂದವರು ಬೋರ್ಡಿನ ಮೇಲೆ "ಪ್ಲೀಸ್ ಡೂ ದ ನೀಡ್‌ಫುಲ್" ಅಂತ ಬರೆದು, ಅಡ್ಡಗೆರೆ ಎಳೆದು, ಇದೆಲ್ಲ ಹಳ್ಳಿ ಇಂಗ್ಲಿಷ್ ಅಂತ ನಕ್ಕರು. ಇಡೀ ರೂಮು ನಕ್ಕಿತು. ನನ್ನ ಪಕ್ಕ ಕೂತಿದ್ದವನು ಹಾವೇರಿ ಕಡೆಯ ಹುಡುಗ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಕೋಡಿನ ವಿಷಯದಲ್ಲಿ ನಮಗೆಲ್ಲ ಗುರು. ಅವನು ಮಾತ್ರ ನಗಲಿಲ್ಲ. ಆಮೇಲೆ ಎಷ್ಟೋ ತಿಂಗಳು ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲ. ಪ್ರತಿ ಮೇಲ್ ಕಳಿಸುವ ಮೊದಲು ಸ್ಕ್ರೀನ್ ನನ್ನ ಕಡೆ ತಿರುಗಿಸಿ, "ಇದು ಬರೋಬ್ಬರಿ ಐತೇನಲೇ?" ಅಂತ ಕೇಳುತ್ತಿದ್ದ.

ಅವತ್ತು ನಮಗೆ ಯಾರೂ ಹೇಳದ ಮಾತು ಇದು: "ಡೂ ದ ನೀಡ್‌ಫುಲ್" ಹಳ್ಳಿಯದೂ ಅಲ್ಲ, ತಪ್ಪೂ ಅಲ್ಲ. ಅದು ಬ್ರಿಟಿಷರದೇ ಸರಕು. ಹಿಂದಿನ ಶತಮಾನಗಳಲ್ಲಿ ಅವರೇ ಧಾರಾಳವಾಗಿ ಬರೆಯುತ್ತಿದ್ದರು. "ದ ನೀಡ್‌ಫುಲ್" ಅಂದ್ರೆ ಅವರ ಆಡುಮಾತಿನಲ್ಲಿ ದುಡ್ಡು ಅಂತಲೂ ಅರ್ಥ ಇತ್ತು. ಆಮೇಲೆ ಅವರು ಅದನ್ನು ಬಿಟ್ಟರು, ನಾವು ಇಟ್ಟುಕೊಂಡೆವು. 1940ರ ಆಗಸ್ಟ್ 9ರಂದು, ಯುದ್ಧ ಮಧ್ಯೆ ಚರ್ಚಿಲ್ ತನ್ನ ಅಧಿಕಾರಿಗಳಿಗೆ ಒಂದು ಟಿಪ್ಪಣಿ ಕಳಿಸಿ, ವರದಿಗಳನ್ನು ಚಿಕ್ಕದಾಗಿ, ಸುತ್ತುಮಾತಿಲ್ಲದೆ ಬರೆಯಿರಿ ಅಂದ. 1948ರಲ್ಲಿ ಬ್ರಿಟಿಷ್ ಖಜಾನೆಯೇ ಅರ್ನೆಸ್ಟ್ ಗವರ್ಸ್ ಎಂಬ ಹಿರಿಯ ಅಧಿಕಾರಿಯಿಂದ ಸರಳವಾಗಿ ಬರೆಯುವುದು ಹೇಗೆ ಅಂತ "ಪ್ಲೇನ್ ವರ್ಡ್ಸ್" ಪುಸ್ತಕ ಬರೆಸಿತು. ಅಜ್ಜ ಕೊಟ್ಟ ಕೋಟನ್ನು ಮೊಮ್ಮಗ ಹಾಕಿಕೊಂಡರೆ, ಅದೇ ಅಜ್ಜನ ಮನೆಯವರು ನೋಡಿ ನಕ್ಕ ಹಾಗಾಯಿತು.

ಇಂಗ್ಲಿಷ್ ತಾಯಿನುಡಿಯಾಗಿರುವವರೂ ಈ ನುಡಿಗಟ್ಟುಗಳಲ್ಲಿ ಎಡವುತ್ತಾರೆ. ಎರಡನೇ ಮಹಾಯುದ್ಧದ ಒಂದು ಪ್ರಸಂಗವನ್ನು ಚರ್ಚಿಲ್ ತನ್ನ ಯುದ್ಧದ ಇತಿಹಾಸದಲ್ಲಿ ಹೇಳಿದ್ದಾನೆ. ಬ್ರಿಟಿಷ್ ಮತ್ತು ಅಮೆರಿಕನ್ ಸೇನಾಧಿಕಾರಿಗಳ ಮೀಟಿಂಗು. ಒಂದು ತುರ್ತು ವಿಷಯವನ್ನು "ಟೇಬಲ್" ಮಾಡೋಣ ಅಂದರು ಬ್ರಿಟಿಷರು. ಅವರ ಅರ್ಥದಲ್ಲಿ ಈಗಲೇ ಚರ್ಚೆಗೆ ತರೋಣ ಅಂತ. ಅಮೆರಿಕನ್ನರಿಗೆ ಟೇಬಲ್ ಮಾಡೋದು ಅಂದ್ರೆ ಬದಿಗಿಟ್ಟು ಮರೆತುಬಿಡೋದು. ಬೇಡವೇ ಬೇಡ ಅಂದರು. ಜೋರು ವಾದವೇ ನಡೆಯಿತು. ಎಷ್ಟೋ ಹೊತ್ತಾದ ಮೇಲೆ ಗೊತ್ತಾಯಿತು, ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಅಂತ! ಆ ಕಾರಣಕ್ಕೆ ಅವರನ್ನು ಯಾರೂ ಮೂರು ದಿನದ ತರಬೇತಿಗೆ ಕಳಿಸಲಿಲ್ಲ.

ಈ ಕತೆಯಲ್ಲಿ ನನಗೆ ಬಹಳ ಇಷ್ಟವಾದ ಪತ್ರ ಗಾಂಧೀಜಿಯದು. ದಕ್ಷಿಣ ಆಫ್ರಿಕಾದಲ್ಲಿ ವಕೀಲರಾಗಿದ್ದಾಗ ಅವರೂ ಅಧಿಕಾರಿಗಳಿಗೆ "ವಿಧೇಯ ಸೇವಕ" ಅಂತ ಸಹಿ ಹಾಕಿದ ಪತ್ರಗಳನ್ನು ಬೇಕಾದಷ್ಟು ಬರೆದವರು. 1930ರ ಮಾರ್ಚ್ 2ರಂದು, ಉಪ್ಪಿನ ಸತ್ಯಾಗ್ರಹಕ್ಕೆ ಮುಂಚೆ, ವೈಸರಾಯ್ ಇರ್ವಿನ್‌ಗೆ ಬರೆದ ಪತ್ರವನ್ನು ಶುರು ಮಾಡಿದ್ದು ಮಾತ್ರ "ಪ್ರಿಯ ಮಿತ್ರರೇ" ಅಂತ. ನಿಮ್ಮ ಸಂಬಳ ತಿಂಗಳಿಗೆ 21,000 ರೂಪಾಯಿಗೂ ಹೆಚ್ಚು, ಸಾಮಾನ್ಯ ಭಾರತೀಯನ ಆದಾಯ ದಿನಕ್ಕೆ ಎರಡಾಣೆಗೂ ಕಡಿಮೆ ಅಂತ ಅದರಲ್ಲಿ ನೇರವಾಗಿ ಲೆಕ್ಕ ಒಪ್ಪಿಸಿದರು. ಕೊನೆಗೆ ಸಹಿ "ನಿಮ್ಮ ಪ್ರಾಮಾಣಿಕ ಮಿತ್ರ". ಆ ಮಿತ್ರನ ಪತ್ರಕ್ಕೆ ವೈಸರಾಯ್ ತಾನು ಉತ್ತರ ಬರೆಯಲಿಲ್ಲ, ಕಾರ್ಯದರ್ಶಿಯಿಂದ ನಾಲ್ಕು ಸಾಲು ಬರೆಸಿದ. ಮಾರ್ಚ್ 12ಕ್ಕೆ ದಂಡಿ ಯಾತ್ರೆ ಹೊರಟಿತು. ಬೈಗುಳವಿಲ್ಲ, ಗೋಗರೆತವಿಲ್ಲ. ಪತ್ರದ ಮೊದಲ ಸಾಲು ಮತ್ತು ಕೊನೆಯ ಸಾಲು ಬದಲಾಯಿಸಿ, ನಾನು ನಿಮಗೆ ಸಮ ಅಂತ ಹೇಳಿಬಿಟ್ಟರು.

ಇಷ್ಟೆಲ್ಲ ಓದಿದ ಮೇಲೆ ನಾನು ಕಂಡುಕೊಂಡದ್ದು ಇಷ್ಟು. ನಾನೂ ಈಗ "ಡೂ ದ ನೀಡ್‌ಫುಲ್" ಬರೆಯುವುದಿಲ್ಲ, ಆದರೆ ಅದು ಕೀಳು ಅಂತಲ್ಲ. ಬೇಕಾದ್ದು ಏನು ಅಂತ ಅದು ಹೇಳುವುದಿಲ್ಲ, ಅದಕ್ಕೆ. "ಈ ಫೈಲ್ ನೋಡಿ ಶುಕ್ರವಾರದೊಳಗೆ ಒಪ್ಪಿಗೆ ಕೊಡಿ" ಅಂದ್ರೆ ಯಾರಿಗಾದರೂ ತಿಳಿಯುತ್ತದೆ. "ಪ್ಲೀಸ್ ರಿವರ್ಟ್" ಅಂದ್ರೆ ನಮಗೆ ಉತ್ತರ ಬರೆಯಿರಿ ಅಂತ. ಹೊರದೇಶದ ಎಂಜಿನಿಯರ್ ಅದನ್ನು ಓದಿ ಕೋಡನ್ನೇ ಹಿಂದಕ್ಕೆ ತಗೊಂಡರೆ ಕಷ್ಟ! ನಮ್ಮ ಕನ್ನಡ ಅರ್ಜಿಗಳ "ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ" ಕೂಡ ನೀಡ್‌ಫುಲ್‌ನ ತಮ್ಮನೇ. ಯಾವ ಕ್ರಮ ಅಂತ ಬರೆಯದಿದ್ದರೆ ಅರ್ಜಿ ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡುತ್ತಲೇ ಇರುತ್ತದೆ.

ನುಡಿಗಟ್ಟು ಕಲಿಸಲಿ, ಬೇಡ ಅನ್ನೋಲ್ಲ. ಆದರೆ ಕಲಿಸುವವರು ಅದರ ಜಾತಕವನ್ನೂ ಸ್ವಲ್ಪ ಹೇಳಬೇಕು. ಯಾವುದೋ ಕಾಲದ ಯಾರದೋ ರೂಢಿ ಇದು, ನಾಳೆ ಇನ್ನೊಂದು ಬರುತ್ತೆ, ಇದರಿಂದ ನಿನ್ನ ಬುದ್ಧಿ ಅಳೆಯಲಾಗದು ಅಂತ ಒಂದು ಮಾತು ಹೇಳಿದ್ದರೆ ಹಾವೇರಿಯ ಆ ಹುಡುಗ ಅಷ್ಟು ತಿಂಗಳು ಸುಮ್ಮನೆ ಕೂರುತ್ತಿರಲಿಲ್ಲ.

ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜ ಮುತ್ತಜ್ಜಂದಿರ ಕಾಲದ ಕಚೇರಿ ಪತ್ರಗಳೇನಾದರೂ ಇದ್ದರೆ, ಕೊನೆಯ ಸಾಲಿನಲ್ಲಿ ಏನಂತ ಸಹಿ ಹಾಕಿದ್ದಾರೆ ನೋಡಿ ನಂಗೂ ತಿಳಿಸಿ.

ಇಂತಿ ನಿಮ್ಮವ (ವಿಧೇಯನೂ ಅಲ್ಲ, ಸೇವಕನೂ ಅಲ್ಲ :) )