ಅರಿವಳಿಕೆ ಕೋಣೆಯಿಂದ ಸಾಂಕ್ರಾಮಿಕದ ವಾರ್ಡಿಗೆ: ತಜ್ಞ ವೈದ್ಯರ ಮರುನಿಯೋಜನೆಯ ಚರಿತ್ರೆ

ಸಾಂಕ್ರಾಮಿಕ ರೋಗ ಉಲ್ಬಣಿಸಿದಾಗ ಆಸ್ಪತ್ರೆಯಲ್ಲಿ ಮೊದಲು ಬದಲಾಗುವುದು ಡ್ಯೂಟಿ ಪಟ್ಟಿ. ಮೂಳೆ ವೈದ್ಯರು ಜ್ವರದ ವಾರ್ಡಿಗೆ ಬರುತ್ತಾರೆ, ಚರ್ಮದ ವೈದ್ಯರು ಆಕ್ಸಿಜನ್ ಮಟ್ಟ ನೋಡುತ್ತಾ ರಾತ್ರಿ ಪಾಳಿ ಮಾಡುತ್ತಾರೆ, ಮುಂದಕ್ಕೆ ಹಾಕಬಹುದಾದ ಶಸ್ತ್ರಚಿಕಿತ್ಸೆಗಳೆಲ್ಲ ಮುಂದಕ್ಕೆ ಹೋಗುತ್ತವೆ. ಈ ಬಗೆಯ ನಿಯೋಜನೆಯ ವರದಿಗಳು ಸಾಮಾನ್ಯವಾಗಿ ಎಷ್ಟು ಮಂದಿಯನ್ನು ಎಲ್ಲಿಂದ ಎಲ್ಲಿಗೆ ಕಳಿಸಲಾಯಿತು ಎಂಬ ಲೆಕ್ಕ ಕೊಟ್ಟು ಮುಗಿಯುತ್ತವೆ. ಆ ಲೆಕ್ಕ ಬೇಕು, ಆದರೆ ಸಾಲದು. ಜಾಗ ಬದಲಿಸಿದ ವೈದ್ಯರ ಜೊತೆಗೆ ಅವರ ವಿದ್ಯೆಯೂ ಹೊಸ ವಾರ್ಡಿಗೆ ಬಂತೇ, ಅಲ್ಲಿ ಅದಕ್ಕೆ ಮನ್ನಣೆ ಸಿಕ್ಕಿತೇ ಎಂಬುದರ ಮೇಲೆ ರೋಗಿಗಳ ಸಾವು ಬದುಕು ನಿಂತಿತ್ತು ಎಂಬುದು ಈ ಲೇಖನದ ವಾದ.

ನಮ್ಮಲ್ಲಿನ ಒಂದು ಹಳೆಯ ಉದಾಹರಣೆ 1898ರದು. ಆ ವರ್ಷದ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರಿಗೆ ಕಾಲಿಟ್ಟಿತು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಡಾ. ಪಲ್ಪು ಅವರ ಕೆಲಸ ಸಿಡುಬಿನ ಲಸಿಕೆಗೆ ಸಂಬಂಧಿಸಿದ್ದು. ಈಳವ ಜಾತಿಯವರೆಂಬ ಕಾರಣಕ್ಕೆ ಹುಟ್ಟಿದ ನಾಡಾದ ತಿರುವಾಂಕೂರು ಅವರಿಗೆ ಸರ್ಕಾರಿ ನೌಕರಿ ನಿರಾಕರಿಸಿತ್ತು, ಮೈಸೂರು ಕೊಟ್ಟಿತ್ತು. ಪ್ಲೇಗ್ ಬಂದಾಗ ಅವರನ್ನು ಪ್ಲೇಗ್ ಶಿಬಿರದ ಹೊಣೆಗೆ ಹಾಕಲಾಯಿತು. ಶಿಬಿರದ ಕೆಲಸದಲ್ಲಿ ಚಿಕಿತ್ಸೆಗಿಂತ ಮೇಲ್ವಿಚಾರಣೆಯೇ ಹೆಚ್ಚು: ರೋಗಿಗಳನ್ನು ಬೇರ್ಪಡಿಸುವುದು, ಮನೆಗಳನ್ನು ತೆರವು ಮಾಡಿಸುವುದು, ಶವಸಂಸ್ಕಾರಕ್ಕೆ ವ್ಯವಸ್ಥೆ ಮಾಡುವುದು. ಅದನ್ನು ಮಾಡಲು ಧೈರ್ಯ ಬೇಕಿತ್ತು, ಶಿಸ್ತು ಬೇಕಿತ್ತು. ಪಲ್ಪು ಅವರಲ್ಲಿ ಎರಡೂ ಇದ್ದವು. ಆದರೆ ಪ್ಲೇಗ್ ತಗುಲಿದ ಮೇಲೆ ಅದನ್ನು ವಾಸಿಮಾಡುವ ಔಷಧಿ ಆಗ ಯಾರ ಬಳಿಯೂ ಇರಲಿಲ್ಲ.

ಇಪ್ಪತ್ತು ವರ್ಷಗಳ ನಂತರ, 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲೂ ಇದೇ ಸ್ಥಿತಿ. ವೈದ್ಯರೂ ದಾದಿಯರೂ ದೊಡ್ಡ ಸಂಖ್ಯೆಯಲ್ಲಿ ಯುದ್ಧಕ್ಕೆ ಹೋಗಿದ್ದರು. ವೈದ್ಯಕೀಯ ವಿದ್ಯಾರ್ಥಿಗಳನ್ನು ತಾತ್ಕಾಲಿಕ ಆಸ್ಪತ್ರೆಗಳಿಗೆ ಕಳಿಸಿದರು. ಅವರಲ್ಲಿ ಒಬ್ಬರಾದ, ಮುಂದೆ ಹೃದ್ರೋಗ ಸಂಶೋಧನೆಯಲ್ಲಿ ಹೆಸರಾದ ಐಸಾಕ್ ಸ್ಟಾರ್ 1976ರಲ್ಲಿ ತಮ್ಮ ಅನುಭವ ಬರೆದಿದ್ದಾರೆ. ಇನ್‌ಫ್ಲುಯೆಂಜಾ ಬಗ್ಗೆ ಒಂದೇ ಒಂದು ಪಾಠ ಕೇಳಿಸಿಕೊಂಡು ಅವರು ವಾರ್ಡಿಗೆ ಇಳಿದಿದ್ದರು. ರೋಗಿಗಳ ಮೈ ನೀಲಿಗಟ್ಟುವುದನ್ನು ಕಂಡರು, ತಡೆಯಲು ಕೈಯಲ್ಲಿ ಏನೂ ಇರಲಿಲ್ಲ. ಶುಶ್ರೂಷೆ ಸಿಕ್ಕಿದ್ದೇ ಆ ರೋಗಿಗಳ ಪಾಲಿಗೆ ದೊಡ್ಡದು, ನಿಜ. ಆದರೂ ಕೈಗಳಷ್ಟೇ ಸ್ಥಳಾಂತರಗೊಂಡರೆ ಎಲ್ಲಿ ನಿಲ್ಲಬೇಕಾಗುತ್ತದೆ ಎಂಬುದಕ್ಕೆ ಅವರ ಬರಹ ಸಾಕ್ಷಿ.

ಈ ಚರಿತ್ರೆ ತಿರುವು ಪಡೆದದ್ದು 1952ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ಆ ಬೇಸಿಗೆಯಲ್ಲಿ ಹಬ್ಬಿದ ಪೋಲಿಯೊ ಜುಲೈನಿಂದ ಡಿಸೆಂಬರ್‌ವರೆಗೆ 2,700ಕ್ಕೂ ಹೆಚ್ಚು ರೋಗಿಗಳನ್ನು ನಗರದ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಾದ ಬ್ಲೆಗ್ಡಾಮ್‌ಗೆ ತಂದಿತು. 300ಕ್ಕೂ ಹೆಚ್ಚು ಮಂದಿಗೆ ಉಸಿರಾಟದ ನೆರವು ಬೇಕಾಯಿತು. ಆಸ್ಪತ್ರೆಯಲ್ಲಿದ್ದದ್ದು ರೋಗಿಯನ್ನು ಒಳಗೆ ಮಲಗಿಸುವ ಒಂದು ಕಬ್ಬಿಣದ ಶ್ವಾಸಕೋಶ ಮತ್ತು ಎದೆಗೆ ಕಟ್ಟುವ ಆರು ಕವಚ ಯಂತ್ರಗಳು. ಉಸಿರಾಟದ ತೊಂದರೆಯೊಂದಿಗೆ ಬಂದ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು.

ಆಸ್ಪತ್ರೆಯ ಮುಖ್ಯ ವೈದ್ಯ ಎಚ್.ಸಿ.ಎ. ಲಾಸ್ಸೆನ್. ಅವರ ಸಹೋದ್ಯೋಗಿ ಮೊಗೆನ್ಸ್ ಬ್ಯೋರ್ನೆಬೋ, ಹೊರಗಿನ ಒಬ್ಬರನ್ನು ಕರೆಸೋಣ ಎಂದು ಸೂಚಿಸಿದರು. ಆ ಹೊರಗಿನವರು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್. ಧನುರ್ವಾಯು ತಗುಲಿದ ಒಂದು ಎಳೆಗೂಸಿನ ಸ್ನಾಯುಗಳನ್ನು ಕ್ಯುರಾರೆ ಔಷಧಿಯಿಂದ ಸಡಿಲಗೊಳಿಸಿ, ಕೈಯಿಂದ ಉಸಿರು ಕೊಟ್ಟ ಪ್ರಕರಣದಲ್ಲಿ ಇಬ್ಸೆನ್ ಕೆಲಸವನ್ನು ಬ್ಯೋರ್ನೆಬೋ ಕಣ್ಣಾರೆ ಕಂಡಿದ್ದರು. ಈ ಸೂಚನೆ ಇಂದು ಸಹಜವಾಗಿ ಕಾಣಬಹುದು, ಅಂದು ಹಾಗಿರಲಿಲ್ಲ. ಅರಿವಳಿಕೆ ಶಾಸ್ತ್ರಕ್ಕೆ ಡೆನ್ಮಾರ್ಕಿನಲ್ಲಿ ಪ್ರತ್ಯೇಕ ತಜ್ಞ ವಿಭಾಗವೆಂಬ ಮಾನ್ಯತೆ ಸಿಕ್ಕು ಎರಡೇ ವರ್ಷವಾಗಿತ್ತು. ಶಸ್ತ್ರಚಿಕಿತ್ಸಕರ ನೆರವಿಗೆ ಆಪರೇಷನ್ ಥಿಯೇಟರಿನಲ್ಲಿ ನಿಲ್ಲುವವರು ಜ್ವರದ ವಾರ್ಡಿನಲ್ಲಿ ಏನು ಮಾಡಿಯಾರು ಎಂಬ ಅನುಮಾನ ಹಿರಿಯ ವೈದ್ಯರಲ್ಲಿ ಸಾಮಾನ್ಯವಾಗಿತ್ತು.

ಇಬ್ಸೆನ್ ಮೊದಲು ಮೃತರ ದಾಖಲೆಗಳನ್ನು ನೋಡಿದರು. ರಕ್ತದಲ್ಲಿ ಬೈಕಾರ್ಬನೇಟ್ ಏರಿತ್ತು. ಅದನ್ನು ವಾರ್ಡಿನ ವೈದ್ಯರು ಕಾರಣ ತಿಳಿಯದ ಕ್ಷಾರೀಯತೆ ಎಂದು ಓದಿದ್ದರು. ದಿನವೂ ಪ್ರಜ್ಞೆ ತಪ್ಪಿಸಿದ ರೋಗಿಗಳ ಉಸಿರನ್ನೇ ಕಾಯುತ್ತಿದ್ದ ಇಬ್ಸೆನ್‌ಗೆ ಅದೇ ಅಂಕಿ ಬೇರೆ ಮಾತು ಹೇಳಿತು: ಈ ಮಕ್ಕಳ ಎದೆ ಸಾಕಷ್ಟು ಆಡುತ್ತಿಲ್ಲ, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗದೆ ಒಳಗೇ ಶೇಖರವಾಗುತ್ತಿದೆ. ಅಂಕಿ ಎಲ್ಲರ ಕಣ್ಣ ಮುಂದೆಯೇ ಇತ್ತು. ಅದರ ಅರ್ಥ ತಿಳಿದಿದ್ದವರು ಬೇರೆ ವಿಭಾಗದವರಾಗಿದ್ದರು.

ಆಗಸ್ಟ್ 27ರಂದು ಹನ್ನೆರಡು ವರ್ಷದ ಒಬ್ಬ ಹುಡುಗಿಯ ಮೇಲೆ ಇದರ ಪರೀಕ್ಷೆ ನಡೆಯಿತು. ಕೈಕಾಲು ಸ್ವಾಧೀನ ತಪ್ಪಿದ್ದವು, ಜ್ವರ ಏರಿತ್ತು, ಕಫದಲ್ಲಿ ಉಸಿರು ಕಟ್ಟುತ್ತಿತ್ತು. ಕತ್ತಿನಲ್ಲಿ ಶ್ವಾಸನಾಳಕ್ಕೆ ರಂಧ್ರ ಕೊರೆದು ನಳಿಕೆ ಇಟ್ಟರು. ಆದರೂ ಗಾಳಿ ಒಳಗೆ ಇಳಿಯಲಿಲ್ಲ. ಹುಡುಗಿ ಒದ್ದಾಡುತ್ತಿದ್ದಳು, ಶ್ವಾಸನಾಳಗಳು ಬಿಗಿದುಕೊಂಡಿದ್ದವು. ಆಗ ಇಬ್ಸೆನ್ ಪೆಂಟೋಥಾಲ್ ಕೊಟ್ಟರು. ಉಸಿರಾಡಲಾರದ ಮಗುವಿಗೆ ಇದ್ದ ಉಸಿರನ್ನೂ ನಿಲ್ಲಿಸುವ ಔಷಧಿ ಅದು. ನೋಡುವವರಿಗೆ ಅದು ಕೊನೆಯೆಂದೇ ಕಂಡಿರಬೇಕು. ಅರಿವಳಿಕೆ ವೈದ್ಯರಿಗೋ ಅದು ನಿತ್ಯದ ಮೊದಲ ಹೆಜ್ಜೆ. ಒದ್ದಾಟ ನಿಂತ ಕೂಡಲೇ ರಬ್ಬರ್ ಚೀಲವನ್ನು ಅದುಮಿ ಶ್ವಾಸಕೋಶಕ್ಕೆ ಗಾಳಿ ತುಂಬಿದರು. ಬಣ್ಣ ಮರಳಿತು. ಕವಚ ಯಂತ್ರಕ್ಕೆ ಬದಲಿಸಿದಾಗ ಸ್ಥಿತಿ ಕೆಟ್ಟಿತು, ಮತ್ತೆ ಚೀಲ ಹಿಡಿದಾಗ ಸುಧಾರಿಸಿತು. ನೋಡುತ್ತಿದ್ದ ವೈದ್ಯರಿಗೆ ಬೇರೆ ಪುರಾವೆ ಬೇಕಾಗಲಿಲ್ಲ. ಲಾಸ್ಸೆನ್ ತಮ್ಮ ಹಳೆಯ ನಂಬಿಕೆಯನ್ನು ಬದಿಗಿಟ್ಟು, ಇಡೀ ಆಸ್ಪತ್ರೆಯನ್ನು ಈ ಪದ್ಧತಿಗೆ ಹೊಂದಿಸಿದರು. ಇಬ್ಸೆನ್ ಅವರ ಜಾಣ್ಮೆಯನ್ನು ಎಲ್ಲರೂ ಹೊಗಳುತ್ತಾರೆ. ಅಧಿಕಾರದಲ್ಲಿದ್ದವರು ಹೀಗೆ ದಾರಿ ಬಿಟ್ಟುಕೊಟ್ಟದ್ದು ಅದಕ್ಕೆ ಕಡಿಮೆಯದೇನಲ್ಲ ಎಂಬುದು ನನ್ನ ಅಭಿಪ್ರಾಯ.

ಉಳಿದದ್ದು ಚೀಲ ಅದುಮುವವರ ಪ್ರಶ್ನೆ. ಒಂದು ಹಂತದಲ್ಲಿ ಏಕಕಾಲಕ್ಕೆ 70 ರೋಗಿಗಳಿಗೆ ಹಗಲೂ ರಾತ್ರಿ ಕೈಯಿಂದ ಉಸಿರು ಕೊಡಬೇಕಾಗಿತ್ತು. ವೈದ್ಯಕೀಯ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳು ಸುಮಾರು 1,500 ಮಂದಿ ಪಾಳಿಯ ಮೇಲೆ ಬಂದರು. ಒಟ್ಟು 1,65,000 ಗಂಟೆಗಳ ಕೆಲಸ ಅದು. ಇಲ್ಲಿ ಕೆಲಸ ಹಂಚಿದ ರೀತಿ ಗಮನಾರ್ಹ. ನಳಿಕೆ ಇಡುವುದು ಶಸ್ತ್ರಚಿಕಿತ್ಸಕರಿಗೆ, ಉಸಿರಿನ ಮೇಲ್ವಿಚಾರಣೆ ಅರಿವಳಿಕೆ ವೈದ್ಯರಿಗೆ, ರಕ್ತದ ಅಂಕಿ ಪ್ರಯೋಗಾಲಯದ ಪೌಲ್ ಆಸ್ಟ್ರುಪ್ ಅವರಿಗೆ. ಕಲಿತು ಮುಗಿಸದ ವಿದ್ಯಾರ್ಥಿಗಳಿಗೆ ಬಿಟ್ಟದ್ದು ಒಂದೇ ಕೆಲಸ. ಬೇಗ ಕಲಿಯಬಹುದಾದದ್ದು, ತಪ್ಪಿದರೆ ಕೂಗಿ ಕರೆಯಲು ಬಳಿಯಲ್ಲೇ ಒಬ್ಬರಿರುವಂಥದ್ದು. ಚೀಲ ಅದುಮುತ್ತಲೇ ಅವರು ಮಕ್ಕಳಿಗೆ ಕಥೆ ಓದಿದರು. ಮಾತಾಡಲಾರದ ಮಕ್ಕಳ ತುಟಿಯ ಚಲನೆಯನ್ನು ಓದಲು ಕಲಿತರು. ಕೆಲವರು ತಮ್ಮ ಪಾಳಿಯಲ್ಲೇ ಮಗು ತೀರಿಕೊಳ್ಳುವುದನ್ನೂ ನೋಡಬೇಕಾಯಿತು. ಆದರೂ ಉಸಿರಾಟದ ನೆರವು ಬೇಕಾದ ರೋಗಿಗಳ ಸಾವಿನ ಪ್ರಮಾಣ ಹಿಂದಿನ ಅರ್ಧಕ್ಕೂ ಕೆಳಗಿಳಿಯಿತು. 1953ರ ಡಿಸೆಂಬರ್‌ನಲ್ಲಿ ಇಬ್ಸೆನ್ ಅದೇ ನಗರದ ಕೊಮ್ಯೂನ್ ಆಸ್ಪತ್ರೆಯಲ್ಲಿ ತೆರೆದ ಘಟಕವನ್ನು ಇಂದಿನ ಐಸಿಯುಗಳ ಮೂಲವೆಂದು ಗುರುತಿಸುತ್ತಾರೆ.

2020ರಲ್ಲಿ, ಕೋವಿಡ್ ಹಬ್ಬಿದಾಗ, ಅರಿವಳಿಕೆ ವೈದ್ಯರು ಜಗತ್ತಿನಾದ್ಯಂತ ಅದೇ ದಾರಿ ಮತ್ತೆ ನಡೆದರು. ಇಂಗ್ಲೆಂಡಿನ ಆರೋಗ್ಯ ಸೇವೆ ಮಾರ್ಚ್ 17ರಂದು, ತುರ್ತಿಲ್ಲದ ಶಸ್ತ್ರಚಿಕಿತ್ಸೆಗಳನ್ನು ಕನಿಷ್ಠ ಮೂರು ತಿಂಗಳು ಮುಂದೂಡಲು ಆಸ್ಪತ್ರೆಗಳಿಗೆ ಸೂಚಿಸಿತು. ಥಿಯೇಟರುಗಳು ಐಸಿಯುಗಳಾದವು. ವೆಂಟಿಲೇಟರಿನಲ್ಲಿರುವ ರೋಗಿಯನ್ನು ಬೋರಲು ಮಲಗಿಸುವ ತಂಡಗಳಿಗೆ ಮೂಳೆ ವೈದ್ಯರೂ ಫಿಸಿಯೋಥೆರಪಿಯವರೂ ಸೇರಿದರು. ತಲೆಯ ಬಳಿ ನಳಿಕೆ ಹಿಡಿದು ನಿಂತ ಅರಿವಳಿಕೆ ವೈದ್ಯರು ಎಣಿಸುತ್ತಾರೆ, ಉಳಿದವರು ಒಟ್ಟಿಗೆ ತಿರುಗಿಸುತ್ತಾರೆ. ಭಾರವಾದ ಮೈಯನ್ನು ಗಾಯವಾಗದಂತೆ ಎತ್ತಿ ಇಡುವುದು ಮೂಳೆ ವೈದ್ಯರಿಗೆ ಹೊಸದಲ್ಲ. ಇದು ಒಳ್ಳೆಯ ನಿಯೋಜನೆ. ಬೆಲೆಯನ್ನು ತೆತ್ತವರು ಬೇರೆ ಕಡೆ ಇದ್ದರು: ಸಾಂಕ್ರಾಮಿಕದ ಉತ್ತುಂಗದ 12 ವಾರಗಳಲ್ಲಿ ಜಗತ್ತಿನಲ್ಲಿ 2.8 ಕೋಟಿಗೂ ಹೆಚ್ಚು ಶಸ್ತ್ರಚಿಕಿತ್ಸೆಗಳು ರದ್ದಾಗುತ್ತವೆ ಅಥವಾ ಮುಂದೆ ಹೋಗುತ್ತವೆ ಎಂದು ಒಂದು ಅಂತರರಾಷ್ಟ್ರೀಯ ಅಧ್ಯಯನ ಅಂದಾಜಿಸಿತ್ತು.

ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಕೋವಿಡ್‌ಗೆ ಮೀಸಲಾಯಿತು. ರಾಜ್ಯದ ವೈದ್ಯಕೀಯ ಕಾಲೇಜುಗಳಲ್ಲಿ ಎಲ್ಲ ವಿಭಾಗಗಳ ಪಿ.ಜಿ. ವಿದ್ಯಾರ್ಥಿಗಳು ಕೋವಿಡ್ ಡ್ಯೂಟಿಗೆ ಇಳಿದರು. ಎರಡನೇ ಅಲೆಯ ನಡುವೆ, 2021ರ ಮೇ 3ರಂದು, ಕೇಂದ್ರ ಸರ್ಕಾರ ನೀಟ್ ಪಿ.ಜಿ. ಪರೀಕ್ಷೆಯನ್ನು ಕನಿಷ್ಠ ನಾಲ್ಕು ತಿಂಗಳು ಮುಂದೂಡಿ, ಇಂಟರ್ನ್‌ಗಳನ್ನು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕೋವಿಡ್ ಕೆಲಸಕ್ಕೆ ಬಳಸಲು ಅನುಮತಿಸಿತು. ಕೊನೆಯ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ದೂರವಾಣಿ ಸಲಹೆ ಮತ್ತು ಸೌಮ್ಯ ರೋಗಿಗಳ ನಿಗಾ ಮಾತ್ರ. 100 ದಿನ ಸೇವೆ ಮುಗಿಸಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆ. ಈ ಹಂಚಿಕೆಯಲ್ಲಿ ಕೋಪನ್‌ಹೇಗನ್‌ನ ವಿವೇಕ ಕಾಣುತ್ತದೆ.

ಅದೇ ತಿಂಗಳು ಕಪ್ಪು ಶಿಲೀಂಧ್ರ ಬಂತು. ಸ್ಟೀರಾಯ್ಡ್ ಪಡೆದಿದ್ದ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದ್ದ ಕೋವಿಡ್ ರೋಗಿಗಳಲ್ಲಿ ಅದು ಮೂಗಿನ ಪಕ್ಕದ ಸೈನಸ್‌ಗಳಿಂದ ಕಣ್ಣಿಗೆ, ಮಿದುಳಿಗೆ ಹಬ್ಬುತ್ತಿತ್ತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕೆ ಪ್ರತ್ಯೇಕ ಚಿಕಿತ್ಸಾ ಕೇಂದ್ರ ತೆರೆಯಬೇಕಾಯಿತು. ಆಂಫೊಟೆರಿಸಿನ್ ಔಷಧಿಯೊಂದೇ ಸಾಲದು, ಸತ್ತ ಅಂಗಾಂಶವನ್ನು ಬೇಗ ಕೆರೆದು ತೆಗೆಯಲೇಬೇಕು. ಕೆಲವೊಮ್ಮೆ ಕಣ್ಣನ್ನೇ ತೆಗೆಯಬೇಕು. ಒಂದು ವರ್ಷದಿಂದ ಗಂಟಲ ದ್ರವ ಸಂಗ್ರಹಿಸುತ್ತಾ, ಕೋವಿಡ್ ವಾರ್ಡು ಕಾಯುತ್ತಾ ಇದ್ದ ಕಿವಿ-ಮೂಗು-ಗಂಟಲಿನ ವೈದ್ಯರಿಗೂ ಕಣ್ಣಿನ ವೈದ್ಯರಿಗೂ ತುರ್ತು ಕರೆ ಬಂದದ್ದು ಈ ಬಾರಿ ಅವರವರ ಸ್ವಂತ ಥಿಯೇಟರಿನಿಂದ. ದ್ರವ ಸಂಗ್ರಹಕ್ಕೆ ಬೇರೆಯವರನ್ನು ತರಬೇತಿ ಕೊಟ್ಟು ಹಾಕಬಹುದಿತ್ತು. ಸೈನಸ್ ಒಳಗೆ ಎಂಡೋಸ್ಕೋಪ್ ಹಿಡಿಯುವವರನ್ನು ಅಷ್ಟು ಬೇಗ ತಯಾರು ಮಾಡಲು ಬರುವುದಿಲ್ಲ.