ಹೆದ್ದಾರಿಯೂ ಅದರ ಕಟ್ಟಳೆಯೂ

ಹಿರಿದಾದ ದಾರಿಯೇ ಹೆದ್ದಾರಿ. ಆ ಹಿರಿತನ ದಾರಿಯ ಅಗಲದಿಂದ ಬಂದುದೊ, ಉದ್ದದಿಂದ ಬಂದುದೊ, ಅಥವಾ ಅದರ ಮೇಲೆ ಸಂಚರಿಸುವವರ ನಡತೆಯಿಂದ ಬರತಕ್ಕದ್ದೊ ಎಂಬುದು ವಿಚಾರ ಮಾಡಬೇಕಾದ ವಿಷಯ. ಕಲ್ಲು ಮಣ್ಣುಗಳಿಂದ ದಾರಿಯನ್ನು ಕಟ್ಟಬಹುದು. ಅದರಲ್ಲಿ ನಿರ್ಭಯವಾಗಿ ಹೋಗಿ ಬರಲು ಕಟ್ಟಳೆಯೂ ಬೇಕು. ಇವೆರಡೂ ನಮ್ಮಲ್ಲಿ ಹೇಗೆ ಬೆಳೆದು ಬಂದುವು ಎಂಬುದನ್ನು ತುಮಕೂರು ಸೀಮೆಯ ಮೂಲಕ ನೋಡಬಹುದು.

ತುಮಕೂರು ನಗರಕ್ಕೆ ಸೇರಿದ ಉಪ್ಪಾರಹಳ್ಳಿಯಲ್ಲಿ ನಿಂತು ದಿಕ್ಕುಗಳನ್ನು ಎಣಿಸಿದರೆ ಪಶ್ಚಿಮಕ್ಕೆ ಗುಬ್ಬಿ, ದಕ್ಷಿಣಕ್ಕೆ ಕುಣಿಗಲ್, ಆಗ್ನೇಯಕ್ಕೆ ಬೆಂಗಳೂರು, ಉತ್ತರಕ್ಕೆ ಸಿರಾ. ಊರಿನ ಹೆಸರು ಉಪ್ಪಾರರನ್ನು ನೆನಪಿಗೆ ತರುತ್ತದೆ. ಉಪ್ಪು ತೆಗೆಯುವುದು, ಮಣ್ಣಿನ ಕೆಲಸ, ಕಟ್ಟಡದ ಕೆಲಸ ಇವು ಆ ಜನರ ಹಳೆಯ ಕಸುಬುಗಳು. ರಸ್ತೆಯ ಚರಿತ್ರೆಯಲ್ಲಿ ಅಪ್ಪಣೆ ಕೊಟ್ಟವರ ಹೆಸರು ಉಳಿಯುತ್ತದೆ; ಮಣ್ಣು ಹೊತ್ತವರ ಹೆಸರು ಉಳಿಯುವುದು ಅಪೂರ್ವ.

ಅಪ್ಪಣೆ ಕೊಟ್ಟವರಲ್ಲಿ ಮೊದಲು ಹೇಳಬೇಕಾದವನು ಮಾರ್ಕ್ ಕಬ್ಬನ್. 1834ರಿಂದ 1861ರವರೆಗೆ ಅವನು ಮೈಸೂರಿನ ಕಮಿಷನರಾಗಿದ್ದ ಕಾಲದಲ್ಲಿ ಸುಮಾರು 1600 ಮೈಲಿ ರಸ್ತೆಗಳು ಸಿದ್ಧವಾದುವು. ಅವನ ಕೈಕೆಳಗೆ ಚಿತ್ರದುರ್ಗ ವಿಭಾಗವನ್ನು ತುಮಕೂರಿನಿಂದ ಆಳಿದವನು ಡಾಬ್ಸ್. ಬೆಂಗಳೂರಿನಿಂದ ತುಮಕೂರಿಗೆ ಬರುವವರು ದಾಟುವ ಡಾಬಸ್‌ಪೇಟೆಗೆ ಅವನದೇ ಹೆಸರು. ಈ ರಸ್ತೆ ಸಿರಾ, ಚಿತ್ರದುರ್ಗಗಳನ್ನು ಹಾದು ಹರಿಹರವನ್ನು ಮುಟ್ಟುತ್ತದೆ. ಅಲ್ಲಿ ತುಂಗಭದ್ರೆಯ ಮೇಲೆ ಕಲ್ಲಿನ ಸೇತುವೆ 1868ರಲ್ಲಿ ಪೂರ್ಣವಾಯಿತು. ಆಗ ರಸ್ತೆಯ ಮೇಲಿದ್ದುದು ಎತ್ತಿನ ಗಾಡಿ, ಕುದುರೆ, ತಲೆಹೊರೆ. ಎತ್ತಿನ ನಡಿಗೆಗೂ ಮನುಷ್ಯನ ನಡಿಗೆಗೂ ಬಹಳ ಅಂತರವಿಲ್ಲದಿದ್ದುದರಿಂದ, ಎದುರಾದವರು ಒಂದು ಕೂಗಿನಿಂದಲೇ ದಾರಿ ಬಿಡಿಸಿಕೊಳ್ಳುತ್ತಿದ್ದರು.

ಮೋಟಾರು ಬಂದಮೇಲೆ ಕೂಗು ಸಾಲದಾಯಿತು. 1927ರಲ್ಲಿ ಜಯಕರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು, ರಸ್ತೆಯ ಹೊಣೆ ಪ್ರಾಂತ್ಯಗಳಿಗೆ ಮಾತ್ರ ಸೇರಿದುದಲ್ಲ, ದೇಶಕ್ಕೇ ಸೇರಿದುದು ಎಂದು ಅಭಿಪ್ರಾಯಪಟ್ಟಿತು. ಅದರ ಫಲವಾಗಿ 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚು ಸುಂಕ ಬಿದ್ದು, ರಸ್ತೆಗಾಗಿ ಒಂದು ನಿಧಿ ಏರ್ಪಟ್ಟಿತು. 1943ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರುಗಳು ರಸ್ತೆಗಳನ್ನು ರಾಷ್ಟ್ರದ, ಪ್ರಾಂತ್ಯದ, ಜಿಲ್ಲೆಯ, ಹಳ್ಳಿಯ ರಸ್ತೆಗಳೆಂದು ವಿಂಗಡಿಸಿದರು. ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆ 1956ರಲ್ಲಿ ಬಂದಿತು. ಹಳದಿ ತಲೆಯ ಮೈಲಿಗಲ್ಲು ರಾಷ್ಟ್ರೀಯ ಹೆದ್ದಾರಿಯದು, ಹಸಿರು ತಲೆಯದು ರಾಜ್ಯ ಹೆದ್ದಾರಿಯದು ಎಂಬ ಗುರುತು ಈ ವಿಂಗಡಣೆಯನ್ನೇ ದಾರಿಹೋಕನ ಕಣ್ಣಿಗೆ ಕಾಣಿಸುತ್ತದೆ.

ಸಂಖ್ಯೆಗಳ ಕಥೆ ಸ್ವಾರಸ್ಯವಾದುದು. ತುಮಕೂರಿನ ಪುಣೆ ಮಾರ್ಗ ಬಹುಕಾಲ 4ನೆಯ ಹೆದ್ದಾರಿಯಾಗಿತ್ತು. ಕುಣಿಗಲ್ಲಿನ ಮೇಲೆ ಮಂಗಳೂರಿಗೆ ಹೋಗುವುದು 48ನೆಯದು. ಗುಬ್ಬಿಯ ಮೇಲೆ ಹೊನ್ನಾವರಕ್ಕೆ ಹೋಗುವುದು 206ನೆಯದು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಎಣಿಕೆ ಬಂದಿತು. ಉತ್ತರ ದಕ್ಷಿಣವಾಗಿ ಹೋಗುವುವಕ್ಕೆ ಸಮಸಂಖ್ಯೆ, ಪೂರ್ವ ಪಶ್ಚಿಮವಾಗಿ ಹೋಗುವುವಕ್ಕೆ ಬೆಸಸಂಖ್ಯೆ ಎಂದು ಗೊತ್ತಾಯಿತು. ಆಗ 48 ಎಂಬ ಅಂಕೆ ಕುಣಿಗಲ್ಲನ್ನು ಬಿಟ್ಟು, ದೆಹಲಿಯಿಂದ ಚೆನ್ನೈಗೆ ಹೋಗುವ ಮಾರ್ಗದೊಡನೆ ತುಮಕೂರಿಗೆ ಬಂದಿತು. ಕುಣಿಗಲ್ಲಿಗೆ 75 ದೊರೆಯಿತು. ದಾರಿ ಇದ್ದಲ್ಲಿಯೇ ಇದ್ದಿತು, ಅಂಕೆ ಮಾತ್ರ ಅದಲುಬದಲಾಯಿತು. ಎಲ್ಲರೂ ಒಪ್ಪಿ ನಡೆದಾಗಲೇ ಇಂಥ ಅಂಕೆಗೆ ಅರ್ಥ.

ಎಡ ಬಲಗಳ ಮಾತೂ ಹೀಗೆಯೇ. ಬ್ರಿಟನ್ನಿನಲ್ಲಿ 1835ರ ಹೆದ್ದಾರಿ ಕಾಯಿದೆಯು ಎಡಕ್ಕೆ ನಡೆಯಬೇಕೆಂದು ವಿಧಿಸಿತು. ಆ ಪದ್ಧತಿಯೇ ನಮ್ಮಲ್ಲಿಯೂ ನೆಲೆಸಿತು. ಯುರೋಪು ಖಂಡದ ದೇಶಗಳಲ್ಲಿ ಬಲಕ್ಕೆ ನಡೆಯುವುದೇ ವಾಡಿಕೆ. ಎಡಕ್ಕೆ ನಡೆಯುತ್ತಿದ್ದ ಸ್ವೀಡನ್ನಿನವರು 1967ನೆಯ ಸೆಪ್ಟೆಂಬರ್ 3ರ ಬೆಳಗಿನ ಜಾವ ದೇಶಕ್ಕೆ ದೇಶವೇ ಬಲಕ್ಕೆ ತಿರುಗಿದರು. ಎಡದಲ್ಲಿ ಪುಣ್ಯವೂ ಇಲ್ಲ, ಬಲದಲ್ಲಿ ಪಾಪವೂ ಇಲ್ಲ. ಎದುರಿಗೆ ಬರುವ ಅಪರಿಚಿತನು ಯಾವ ಕಡೆಗೆ ಸರಿಯುವನೆಂಬುದು ನಮಗೆ ಮೊದಲೇ ತಿಳಿದಿರಬೇಕು. ಅಷ್ಟೇ ಅದರ ಮರ್ಮ. ಮುಖ ನೋಡದೆ, ಮಾತಾಡದೆ, ಒಬ್ಬನು ಇನ್ನೊಬ್ಬನಿಗೆ ಕೊಡುವ ಭಾಷೆಯೇ ರಸ್ತೆಯ ಕಟ್ಟಳೆ. ರಾಂಗ್ ಸೈಡಿನಲ್ಲಿ ಬರುವವನು ಆ ಭಾಷೆಗೆ ತಪ್ಪಿದವನು.

ಬ್ರಿಟಿಷ್ ಇಂಡಿಯದಲ್ಲಿ 1914ರಲ್ಲಿಯೂ 1939ರಲ್ಲಿಯೂ ಮೋಟಾರು ಕಾಯಿದೆಗಳಾದುವು. ಸ್ವತಂತ್ರ ಭಾರತದ ಕಾಯಿದೆ 1988ರದು. ಅದು ಜಾರಿಗೆ ಬಂದುದು 1989ರ ಜುಲೈ 1ರಿಂದ. ಅದರ ಅನ್ವಯ 2017ರಲ್ಲಿ ಹೊರಟ ಚಾಲನಾ ನಿಯಮಗಳು, ಪಾದಚಾರಿಗಳು ದಾಟುವ ಪಟ್ಟೆಯ ಬಳಿ ವಾಹನವು ನಿಧಾನಿಸಿ, ನಿಂತು, ದಾರಿ ಬಿಡತಕ್ಕದ್ದೆಂದು ಹೇಳುತ್ತವೆ. 2019ರ ತಿದ್ದುಪಡಿಯು, ಗಾಯಗೊಂಡವನಿಗೆ ಸದ್ಭಾವದಿಂದ ನೆರವಾದವನನ್ನು ಕಾನೂನಿನ ತೊಡಕಿನಿಂದ ರಕ್ಷಿಸುತ್ತದೆ.

ಇಷ್ಟಾದರೂ 2022ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 61,038 ಮಂದಿ ಸತ್ತುದು ರಾಷ್ಟ್ರೀಯ ಹೆದ್ದಾರಿಗಳಲ್ಲಿ. ದೇಶದ ರಸ್ತೆಗಳಲ್ಲಿ ಈ ಹೆದ್ದಾರಿಗಳ ಪಾಲು ನೂರಕ್ಕೆ ಎರಡರಷ್ಟು. ಸಾವಿನಲ್ಲಿ ಅವುಗಳ ಪಾಲು ಮೂರರಲ್ಲೊಂದಕ್ಕಿಂತ ಹೆಚ್ಚು. ಸತ್ತವರಲ್ಲಿ ಐವರಿಗೊಬ್ಬರಂತೆ ಪಾದಚಾರಿಗಳು. ಅತಿವೇಗವೇ ಮುಖ್ಯ ಕಾರಣವೆಂದು ಸರ್ಕಾರದ ವರದಿ ಹೇಳುತ್ತದೆ. ಎತ್ತಿನ ಹೆಜ್ಜೆಗೆಂದು ಹುಟ್ಟಿದ ದಾರಿಯಲ್ಲಿ ಇಂದು ಗಂಟೆಗೆ ನೂರು ಕಿಲೋಮೀಟರು ಓಡುವ ಗಾಡಿಗಳು ಬರುತ್ತವೆ. ಅದೇ ದಾರಿಯನ್ನು ದಾಟಿ ಹೊಲಕ್ಕೂ ಶಾಲೆಗೂ ಸಂತೆಗೂ ಹೋಗುವವರ ಹೆಜ್ಜೆ ಮಾತ್ರ ಕಬ್ಬನ್ನನ ಕಾಲದಲ್ಲಿ ಎಷ್ಟು ಉದ್ದವಿತ್ತೋ ಅಷ್ಟೇ ಇದೆ.

ದಾರಿಯನ್ನು ಅಗಲಮಾಡುವುದು ಸರ್ಕಾರದ ಕೆಲಸ. ಚಕ್ರ ಹಿಡಿದವನು ಹೆಜ್ಜೆಯಿಡುವವನಿಗಾಗಿ ಒಂದು ಗಳಿಗೆ ನಿಲ್ಲುವುದು ನಮ್ಮ ನಿಮ್ಮ ಕೆಲಸ. ಮಣ್ಣು ಹೊತ್ತವರು ತಮ್ಮ ಪಾಲನ್ನು ಮಾಡಿ ಹೋದರು. ಉಳಿದುದನ್ನು ಮಾಡಬೇಕಾದವರು ಆ ದಾರಿಯಲ್ಲಿ ಹೋಗುವವರು.