ಪೂರ್ವವಂಗದ ಕೊಳಗಳೂ ಶಿಶುಮರಣದ ಲೆಕ್ಕವೂ

ನಮ್ಮ ವೀರಗಲ್ಲುಗಳೂ ನಿಷಿಧಿಗಲ್ಲುಗಳೂ ಒಂದು ಬಗೆಯಲ್ಲಿ ಮರಣದ ದಾಖಲೆಗಳೇ ಸರಿ. ತುರುಗೋಳಿನಲ್ಲಿ ಬಿದ್ದವನ ಹೆಸರು ಕಲ್ಲಿನಲ್ಲಿ ಉಳಿಯಿತು. ಮನೆಯ ಹಿತ್ತಿಲ ಕೊಳದಲ್ಲಿ ಬಿದ್ದ ಎರಡು ವರುಷದ ಕೂಸಿಗೆ ಕಲ್ಲು ನಿಲ್ಲಿಸಿದವರಿಲ್ಲ. ಅಂತಹ ಮರಣಗಳು ಲೆಕ್ಕಕ್ಕೆ ಬಂದದ್ದು ತೀರ ಈಚೆಗೆ. ಹಾಗೆ ಬಂದುದರ ಕಥೆ ಬಾಂಗ್ಲಾದೇಶಕ್ಕೆ ಸೇರಿದ್ದು. ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸುತ್ತೇನೆ.

ಮೊದಲು ಆ ನಾಡಿನ ನೆಲದ ಸ್ವಭಾವವನ್ನು ತಿಳಿಯಬೇಕು. ಅಲ್ಲಿ ಬಯಲು ತಗ್ಗು, ಮಳೆಗಾಲದಲ್ಲಿ ನೆರೆ ತಪ್ಪದು. ಆದುದರಿಂದ ಮನೆ ಕಟ್ಟುವವನು ಪಕ್ಕದಲ್ಲಿಯೇ ಮಣ್ಣು ಅಗೆದು ದಿಬ್ಬ ಮಾಡಿ, ಅದರ ಮೇಲೆ ಮನೆಯನ್ನು ನಿಲ್ಲಿಸುವನು. ಅಗೆದ ಹಳ್ಳವೇ ಕೊಳವಾಗುವುದು. ವಂಗಭಾಷೆಯಲ್ಲಿ ಇದಕ್ಕೆ ‘ಪುಕುರ್’ ಎಂದು ಹೆಸರು. ನಮ್ಮ ‘ಪುಷ್ಕರ’, ‘ಪುಷ್ಕರಿಣಿ’ಗಳ ತದ್ಭವವಿದು. ನೆರೆಯಿಂದ ಕುಟುಂಬವನ್ನು ಉಳಿಸಿದ ದಿಬ್ಬವೂ ಕೂಸನ್ನು ನುಂಗುವ ಹಳ್ಳವೂ ಒಂದೇ ಗುದ್ದಲಿಯ ಕೆಲಸ. ಸ್ನಾನ, ಪಾತ್ರೆ ತೊಳೆಯುವುದು, ಮೀನು, ಎಲ್ಲವೂ ಅದರಿಂದಲೇ ಆಗಬೇಕಾದುದರಿಂದ ಕೊಳವನ್ನು ಮುಚ್ಚಿಬಿಡಿರೆಂದು ಬಡವನಿಗೆ ಹೇಳುವಂತಿಲ್ಲ.

1960ರಲ್ಲಿ ಢಾಕಾ ನಗರದಲ್ಲಿ ವಾಂತಿಭೇದಿಯ ಸಂಶೋಧನಾಲಯವೊಂದು ಸ್ಥಾಪಿತವಾಯಿತು. ಅದರವರು ಮತ್‌ಲಬ್ ಎಂಬ ಗ್ರಾಮಪ್ರದೇಶದಲ್ಲಿ 1966ರಿಂದ ಮನೆಮನೆಗೆ ಹೋಗಿ ಜನನಮರಣಗಳನ್ನು ಬರೆದುಕೊಳ್ಳತೊಡಗಿದರು. ಅವರು ಹುಡುಕಿದ್ದು ವಾಂತಿಭೇದಿಯನ್ನು. ಆದರೆ ಮರಣವೆಂದ ಮೇಲೆ ಎಲ್ಲವನ್ನೂ ಬರೆಯಲೇ ಬೇಕಲ್ಲವೆ? ಈ ಕಡತಗಳಿಂದ ಹೊರಟ ಸಂಗತಿ ಗಮನಾರ್ಹವಾದುದು. ಒಂದರಿಂದ ನಾಲ್ಕು ವರುಷದೊಳಗಿನ ಶಿಶುಮರಣಗಳಲ್ಲಿ ನೀರಿನಲ್ಲಿ ಮುಳುಗಿ ಸತ್ತವರ ಪಾಲು 1983ರಲ್ಲಿ ನೂರಕ್ಕೆ 9 ಇದ್ದದ್ದು 2000ದಲ್ಲಿ ನೂರಕ್ಕೆ 53 ಆಯಿತು.

ಇದನ್ನು ಓದಿ, ನೀರು ಮೊದಲಿಗಿಂತ ಕ್ರೂರವಾಯಿತೆಂದು ಬಗೆಯುವುದು ತಪ್ಪು. ಉಪ್ಪುಸಕ್ಕರೆಯ ನೀರೂ ಲಸಿಕೆಗಳೂ ಬಂದು ರೋಗಗಳು ಹಿಮ್ಮೆಟ್ಟಿದುವು. ಕೊಳ ಮಾತ್ರ ಇದ್ದಲ್ಲಿಯೇ ಇತ್ತು. ಇತರ ಮರಣಗಳ ಮರೆಯಲ್ಲಿ ಅಡಗಿದ್ದುದು ಆ ಮರೆ ಸರಿದಾಗ ಕಂಡಿತು, ಅಷ್ಟೆ. ಅಂಕೆಗಳನ್ನು ಓದುವಾಗ ಪಾಲು ಬೇರೆ, ಮೊತ್ತ ಬೇರೆ ಎಂಬ ವಿವೇಕವನ್ನು ಚರಿತ್ರಕಾರನು ಬಿಡಬಾರದು. ಬಳಿಕ 2003ರಲ್ಲಿ ದೇಶಾದ್ಯಂತ ನಡೆದ ಸಮೀಕ್ಷೆಯಿಂದ, ವರುಷಕ್ಕೆ ಸುಮಾರು 17,000 ಮಕ್ಕಳು, ಅಂದರೆ ದಿನಕ್ಕೆ ನಲವತ್ತಾರರಷ್ಟು ಮಕ್ಕಳು, ಹೀಗೆ ಅಳಿಯುತ್ತಿದ್ದುದು ಗೊತ್ತಾಯಿತು.

ಇಷ್ಟು ಕಾಲ ಇದು ಏಕೆ ಕಾಣಲಿಲ್ಲ? ಮುಳುಗಿದ ಕೂಸು ಆಸ್ಪತ್ರೆಯನ್ನು ಸೇರುವುದಿಲ್ಲ. ಆಸ್ಪತ್ರೆಯ ಪುಸ್ತಕಗಳನ್ನೇ ನೋಡುವವರಿಗೆ ಆ ಮರಣ ಇಲ್ಲವೇ ಇಲ್ಲ. ಹಳ್ಳಿಗರು ನೀರಿನ ಭೂತವು ಕರೆಯಿತೆನ್ನುವರು, ಇಲ್ಲವೆ ವಿಧಿಯೆನ್ನುವರು. ಆದರೆ ವಿಧಿಗೆ ಹೊತ್ತುಗೊತ್ತುಗಳಿರುವುದೆ? ಈ ಮರಣಗಳಲ್ಲಿ ಬಹುಪಾಲು ಬೆಳಗಿನ ಒಂಬತ್ತರಿಂದ ಮಧ್ಯಾಹ್ನದ ಒಂದು ಗಂಟೆಯೊಳಗೆ, ಮನೆಯಿಂದ ಕೆಲವೇ ಮಾರು ದೂರದಲ್ಲಿ ಸಂಭವಿಸಿದುವು. ತಂದೆ ಹೊಲದಲ್ಲಿ, ತಾಯಿ ಒಲೆಯ ಮುಂದೆ, ಕೂಸು ಆರು ವರುಷದ ಅಕ್ಕನ ಕೈಯಲ್ಲಿ. ದೋಷವನ್ನು ತಾಯಿಯ ಮೇಲೆ ಹೊರಿಸುವವರು ಉಂಟು. ಎರಡು ಕೈಗಳಿಗೆ ನಾಲ್ಕು ಕೈಗಳ ಕೆಲಸ ಬಿದ್ದಿತ್ತೆಂಬುದನ್ನು ಅವರು ನೋಡಲೊಲ್ಲರು.

ಪರಿಹಾರವು ಈ ಗಂಟೆಗಳನ್ನು ಹಿಡಿದೇ ಹುಟ್ಟಿತು. 2005ರ ತರುವಾಯ ರಾಯ್‌ಗಂಜ್, ಶೇರ್‌ಪುರ್, ಮನೋಹರ್‌ದಿ ಎಂಬ ಮೂರು ಕಡೆಗಳಲ್ಲಿ ‘ಆಂಚಲ್’ ಎಂಬ ಶಿಶುಗೃಹಗಳು ತೆರೆದುವು. ಊರಿನ ಹೆಂಗಸೊಬ್ಬಳು ತನ್ನ ಮನೆಯಲ್ಲಿಯೇ ಇಪ್ಪತ್ತೈದರಷ್ಟು ಕೂಸುಗಳನ್ನು ಒಂಬತ್ತರಿಂದ ಒಂದು ಗಂಟೆಯ ವರೆಗೆ ನೋಡಿಕೊಳ್ಳುವಳು. ಅವಳನ್ನು ‘ಆಂಚಲ್ ಮಾ’ ಎಂದು ಕರೆಯುವರು. ಸಂಸ್ಕೃತದ ‘ಅಂಚಲ’ವೆಂದರೆ ಸೀರೆಯ ಸೆರಗು. ಕೆಲಸದ ವೇಳೆಯಲ್ಲಿ ತಾಯಿಯ ಸೆರಗು ಕೂಸಿಗೆ ಎಟುಕದಾದಾಗ ಬೇರೊಬ್ಬಳ ಸೆರಗು ಎಂಬ ಅರ್ಥದಲ್ಲಿ ಈ ಹೆಸರು ಅತ್ಯಂತ ಸಮಂಜಸವಾಗಿದೆ. (ಕನ್ನಡದ ‘ಅಂಚಿ’ಗೂ ಇದಕ್ಕೂ ನಂಟುಂಟೆ ಎಂಬ ಚರ್ಚೆಯನ್ನು ನಿಘಂಟುಕಾರರಿಗೆ ಬಿಡುತ್ತೇನೆ.) ನಾಲ್ಕು ವರುಷ ದಾಟಿದವರಿಗೆ ಅದೇ ಕೊಳದಲ್ಲಿ ಬಿದಿರ ಅಟ್ಟಣೆ ಕಟ್ಟಿ ಈಜು ಕಲಿಸಿದರು, ಇಪ್ಪತ್ತೈದು ಮೀಟರು ಈಜುವುದು, ಮೂವತ್ತು ಸೆಕೆಂಡು ತೇಲುವುದು, ಇದೇ ಪರೀಕ್ಷೆ.

ಫಲವನ್ನು 2012ರಲ್ಲಿ ಪ್ರಕಟಿಸಿದರು. ಶಿಶುಗೃಹದ ಕೂಸುಗಳಲ್ಲಿ ಮುಳುಗಿ ಸಾಯುವುದು ನೂರಕ್ಕೆ ಎಂಬತ್ತಕ್ಕಿಂತಲೂ, ಈಜು ಕಲಿತವರಲ್ಲಿ ತೊಂಬತ್ತಕ್ಕಿಂತಲೂ ಮಿಗಿಲಾಗಿ ಇಳಿದಿತ್ತು. 2022ರಲ್ಲಿ ಬಾಂಗ್ಲಾದೇಶದ ಸರಕಾರವು ಹದಿನಾರು ಜಿಲ್ಲೆಗಳಲ್ಲಿ 8,000 ಇಂತಹ ಕೇಂದ್ರಗಳ ಯೋಜನೆಯನ್ನು ಅಂಗೀಕರಿಸಿತು. ಅದಕ್ಕೆ ಹಿಂದಿನ ವರುಷ, ಅಂದರೆ 2021ರ ಏಪ್ರಿಲ್ 28ರಂದು, ಬಾಂಗ್ಲಾದೇಶ ಐರ್ಲೆಂಡುಗಳ ಮುಂದಾಳುತನದಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಈ ವಿಷಯವಾಗಿ ತನ್ನ ಮೊದಲ ನಿರ್ಣಯವನ್ನು ಕೈಕೊಂಡು, ಜುಲೈ 25ನ್ನು ಇದಕ್ಕೆ ಮೀಸಲಾದ ದಿನವೆಂದು ಗೊತ್ತುಮಾಡಿತು.

ನಮ್ಮ ನಾಡಿಗೂ ಈ ಚರಿತ್ರೆ ದೂರದ್ದಲ್ಲ. ಕಲ್ಯಾಣಿಗಳಿಗೆ ಮೆಟ್ಟಿಲುಗಳಿದ್ದುವು, ಜಾರಿದವನಿಗೆ ಕಾಲೂರಲು ಎಡೆಯಿತ್ತು. 2014ರಿಂದೀಚೆಗೆ ಕೃಷಿಭಾಗ್ಯ ಯೋಜನೆಯಲ್ಲಿ ತೋಡಿದ ಕೃಷಿಹೊಂಡಗಳಿಗೆ ಪ್ಲಾಸ್ಟಿಕ್ಕಿನ ಹೊದಿಕೆ. ಅದರ ನುಣುಪಾದ ಇಳಿಜಾರಿನಲ್ಲಿ ಬೆಳೆದವನೂ ಮೇಲೇರಲಾರ, ಕೂಸಿನ ಮಾತೇನು? ಸುತ್ತ ತಂತಿಬೇಲಿ ಬೇಕೆಂಬ ಅರಿವು ಹೊಂಡಗಳ ತರುವಾಯ ಬಂದಿತು. ಉದ್ಯೋಗಖಾತರಿಯಲ್ಲಿ ದುಡಿಯುವ ಹೆಂಗಸರ ಕೂಸುಗಳಿಗಾಗಿ 2023ರಲ್ಲಿ ಗ್ರಾಮಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಲು ತೊಡಗಿದರು. ಅವು ನೀರನ್ನು ನೆನೆದು ಹುಟ್ಟಿದುವಲ್ಲ. ಆದರೆ ಮತ್‌ಲಬಿನ ಕಡತವನ್ನು ಓದಿದವನಿಗೆ ಅವು ತೆರೆದಿರುವ ಗಂಟೆಗಳೇ ಮೊದಲು ಕಣ್ಣಿಗೆ ಬೀಳುವುವು.